ಬೇಸಿಕ್ ಭಾಷೆ ಹುಟ್ಟಿದ ಬಗೆ: ಸ್ಥಿರಾಂಕ, ಚರಾಕ್ಷರ ಮತ್ತು ಮೀಸಲು ಪದಗಳ ಕಥೆ



ಗಣಕದ ಪಾಠವನ್ನು ದೂರದರ್ಶನದ ಪರದೆಯ ಮೇಲೆ ನೋಡುವಾಗ ಒಂದು ತೊಂದರೆ ಇದೆ. ಸಾಲುಗಳು ಬಂದಷ್ಟೇ ಬೇಗ ಜಾರಿಹೋಗುತ್ತವೆ. ಅರ್ಥವಾಗದ ಸಾಲಿನ ಮುಂದೆ ನಿಂತು ಯೋಚಿಸಲು ಬಿಡುವಿರುವುದಿಲ್ಲ. ಅಚ್ಚಿನ ಪುಟದಲ್ಲಿ ಆ ಬಿಡುವು ಉಂಟು. ಆದ್ದರಿಂದ ಈ ಒಂದು ಸಾಲನ್ನು ನಿಧಾನವಾಗಿ ಓದಿ. ಬೇಸಿಕ್ ಎಂಬ ಕ್ರಮವಿಧಿ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ.

10 ಲೆಟ್ ಎಕ್ಸ್ = ಎಕ್ಸ್ + 1

ಬೀಜಗಣಿತ ಕಲಿತ ಯಾರಿಗಾದರೂ ಇದು ತಪ್ಪೆಂದೇ ತೋರಬೇಕು. ಒಂದು ಸಂಖ್ಯೆ ತನಗಿಂತ ಒಂದು ಹೆಚ್ಚಿನ ಸಂಖ್ಯೆಗೆ ಸಮನಾಗುವುದು ಹೇಗೆ? ಎರಡೂ ಕಡೆಯಿಂದ ಎಕ್ಸ್ ಕಳೆದುಬಿಟ್ಟರೆ ಸೊನ್ನೆ ಒಂದಕ್ಕೆ ಸಮ ಎಂದಾಯಿತು! ಆದರೂ ಗಣಕ ಈ ಸಾಲನ್ನು ತಕರಾರಿಲ್ಲದೆ ಒಪ್ಪುತ್ತದೆ. ಇದರಲ್ಲಿ 1 ಎಂಬುದು ಸ್ಥಿರಾಂಕ, ಎಕ್ಸ್ ಎಂಬುದು ಚರಾಕ್ಷರ, ಲೆಟ್ ಎಂಬುದು ಮೀಸಲು ಪದ. ಪಠ್ಯಪುಸ್ತಕಗಳು ಈ ಮೂರಕ್ಕೂ ಒಂದೊಂದು ವ್ಯಾಖ್ಯೆ ಕೊಟ್ಟು ಮುಂದೆ ಹೋಗುತ್ತವೆ. ನೀವೂ ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿರಬಹುದು. ಆದರೆ ಆ ಲೆಟ್ ಎಂಬ ಪುಟ್ಟ ಪದವನ್ನು ಅಲ್ಲಿ ಇಟ್ಟವರು ಯಾರು, ಯಾರಿಗಾಗಿ ಇಟ್ಟರು ಎಂದು ಕೇಳಿದ್ದೀರಾ?

ಮೊದಲು ಹಳೆಯ ಮಾತು. ತಿಳಿಯದ ಸಂಖ್ಯೆಗೆ ಹೆಸರಿಡುವ ಪದ್ಧತಿ ಗಣಕಕ್ಕಿಂತ ಬಹಳ ಹಿಂದಿನದು. ಕ್ರಿ.ಶ. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ಬರೆದ ಬ್ರಹ್ಮಗುಪ್ತ ಇಂಥ ರಾಶಿಗಳನ್ನು ಅವ್ಯಕ್ತ ಎಂದ; ಹಲವು ಅವ್ಯಕ್ತಗಳು ಬಂದಾಗ ಅವನ್ನು ವರ್ಣ, ಅಂದರೆ ಬಣ್ಣ ಎಂದ. 12ನೆಯ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಈ ಪದ್ಧತಿ ಪೂರ್ಣ ರೂಪದಲ್ಲಿದೆ. ಮೊದಲ ಅವ್ಯಕ್ತಕ್ಕೆ ಯಾವತ್ತಾವತ್, ಅಂದರೆ ಎಷ್ಟೋ ಅಷ್ಟು, ಎಂದು ಹೆಸರು. ಬರೆಯುವಾಗ ‘ಯಾ’ ಎಂದರೆ ಸಾಕು. ಎರಡನೆಯದಕ್ಕೆ ಕಾಲಕ ಅಥವಾ ಕಪ್ಪು, ಬರೆಯುವುದು ‘ಕಾ’. ಮೂರನೆಯದು ನೀಲಕ, ಅದು ‘ನೀ’. ತಿಳಿದಿರುವ ಸಂಖ್ಯೆಯ ಮುಂದೆ ಮಾತ್ರ ‘ರೂ’, ಅಂದರೆ ರೂಪ. ‘ಯಾ 5 ರೂ 3’ ಎಂದರೆ ನಾವು ಇಂದು ಐದು ಎಕ್ಸ್ ಕೂಡಿಸು ಮೂರು ಎಂದು ಬರೆಯುವ ಪದಪುಂಜವೇ. ಸ್ಥಿರಾಂಕ ಯಾವುದು, ಚರಾಕ್ಷರ ಯಾವುದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಗುರುತು ಹಾಕಿ ತೋರಿಸುವುದು ಕಷ್ಟ.

ಯೂರೋಪಿನಲ್ಲಿ 1591ರಲ್ಲಿ ಫ್ರಾನ್ಸಿನ ವಿಯೆಟ್ ಎಂಬಾತ ಅಜ್ಞಾತಗಳಿಗೆ ಸ್ವರಗಳನ್ನೂ ಜ್ಞಾತಗಳಿಗೆ ವ್ಯಂಜನಗಳನ್ನೂ ಬಳಸಿದ. 1637ರಲ್ಲಿ ಡೆಕಾರ್ಟ್ ವರ್ಣಮಾಲೆಯ ಕೊನೆಯ ಅಕ್ಷರಗಳಾದ ಎಕ್ಸ್, ವೈ, ಝಡ್‌ಗಳನ್ನು ಅಜ್ಞಾತಗಳಿಗೆ ಮೀಸಲಿಟ್ಟ. ನಡುವಿನ ಸಮಚಿಹ್ನೆ ವೇಲ್ಸ್‌ನ ರಾಬರ್ಟ್ ರೆಕಾರ್ಡ್ 1557ರಲ್ಲಿ ತಂದದ್ದು. ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮನಾದ ವಸ್ತುಗಳು ಬೇರೆ ಇಲ್ಲ ಎಂಬುದು ಅವನ ಸಮರ್ಥನೆ.

ಇವರೆಲ್ಲರ ಅಕ್ಷರಗಳಿಗೂ ಒಂದು ಸಮಾನ ಗುಣವಿದೆ. ಅವ್ಯಕ್ತ ನಮಗೆ ತಿಳಿಯದು, ಅಷ್ಟೆ. ಅದೇನೂ ಲೆಕ್ಕದ ನಡುವೆ ಬದಲಾಗುವುದಿಲ್ಲ. ಮೊದಲ ಸಾಲಿನಲ್ಲಿ 7 ಆಗಿದ್ದ ಎಕ್ಸ್ ಕೊನೆಯ ಸಾಲಿನಲ್ಲೂ 7. ಗಣಕದ ಚರಾಕ್ಷರ ಹಾಗಲ್ಲ. ಅದು ಗಣಕದ ಸ್ಮೃತಿಯಲ್ಲಿ ಒಂದು ಕೋಶದ ಹೆಸರು. ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ನೆನೆಯಿರಿ. ಪೆಟ್ಟಿಗೆ ಅದೇ, ಒಳಗಿನ ಹಣ ಬೆಳಗ್ಗೆ ಒಂದು, ಸಂಜೆ ಇನ್ನೊಂದು. ಎಕ್ಸ್ = ಎಕ್ಸ್ + 1 ಎಂದರೆ ಸಮೀಕರಣವಲ್ಲ, ಅಪ್ಪಣೆ: ಪೆಟ್ಟಿಗೆಯಲ್ಲಿ ಈಗ ಇರುವುದನ್ನು ತೆಗೆ, ಒಂದು ಕೂಡಿಸು, ಬಂದ ಮೊತ್ತವನ್ನು ಅದೇ ಪೆಟ್ಟಿಗೆಯಲ್ಲಿಡು. ಹೊಸದನ್ನು ಇಟ್ಟೊಡನೆ ಹಳೆಯದು ಅಳಿದುಹೋಗುತ್ತದೆ. ಒಂದು ವ್ಯತ್ಯಾಸ ಮಾತ್ರ: ಗಲ್ಲಾಪೆಟ್ಟಿಗೆಯಿಂದ ಹಣ ತೆಗೆದರೆ ಅದು ಬರಿದಾಗುತ್ತದೆ, ಸ್ಮೃತಿಯ ಕೋಶದಿಂದ ಓದಿದರೆ ಬರಿದಾಗುವುದಿಲ್ಲ.

ಗಣಿತದ ಹಳೆಯ ಚಿಹ್ನೆಯನ್ನು ಈ ಹೊಸ ಕೆಲಸಕ್ಕೆ ಹಚ್ಚಿ ಜನಪ್ರಿಯಗೊಳಿಸಿದ್ದು ಫೋರ್ಟ್ರಾನ್ ಭಾಷೆ. ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ರೂಪಿಸಿದ ಇದು 1957ರಲ್ಲಿ ಐಬಿಎಂ 704 ಗಣಕಕ್ಕಾಗಿ ಹೊರಬಂತು. ವಿಜ್ಞಾನಿಗಳಿಗೆ ಅದೊಂದು ವರವೇ ಸರಿ. ಆದರೆ ಅದರ ಕಟ್ಟಳೆಗಳನ್ನು ನೋಡಿ. 3 ಎಂದು ಬರೆದರೆ ಪೂರ್ಣಾಂಕ ಸ್ಥಿರಾಂಕ. ಪಕ್ಕದಲ್ಲಿ ಒಂದು ಚುಕ್ಕೆಯಿಟ್ಟರೆ ದಶಮಾಂಶ ಸ್ಥಿರಾಂಕ. ಒಂದನ್ನು ಮೂರರಿಂದ ಭಾಗಿಸು ಎಂದು ಚುಕ್ಕೆಯಿಲ್ಲದೆ ಬರೆದರೆ ಉತ್ತರ ಸೊನ್ನೆ! ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಭಾಗಲಬ್ಧದ ಪೂರ್ಣಾಂಕ ಭಾಗವಷ್ಟೇ ಉಳಿಯಬೇಕೆಂಬ ನಿಯಮ. ಚರಾಕ್ಷರಗಳಲ್ಲೂ ಐ ಅಕ್ಷರದಿಂದ ಎನ್ ಅಕ್ಷರದವರೆಗಿನ ಯಾವುದರಿಂದಾದರೂ ಆರಂಭವಾಗುವ ಹೆಸರು ಪೂರ್ಣಾಂಕಕ್ಕೆ, ಉಳಿದವು ದಶಮಾಂಶಕ್ಕೆ. ಹೆಸರಿನ ಉದ್ದ ಆರು ಅಕ್ಷರ ಮೀರಬಾರದು.

ಸ್ಥಿರಾಂಕದ ವಿಷಯ ಬಂದಾಗ ಒಂದು ತಮಾಷೆಯನ್ನೂ ಹೇಳಿಬಿಡಬೇಕು. ಫೋರ್ಟ್ರಾನಿನ ಹಳೆಯ ಕೆಲವು ಅನುವಾದಕಗಳಲ್ಲಿ ಸ್ಥಿರಾಂಕವೂ ಬದಲಾಗಿಬಿಡುವ ಅಪಾಯವಿತ್ತು. ಕ್ರಮವಿಧಿಯಲ್ಲಿ ಬರುವ 4 ಎಂಬ ಅಂಕಿಯನ್ನು ಅನುವಾದಕ ಸ್ಮೃತಿಯ ಒಂದು ಕೋಶದಲ್ಲಿಟ್ಟು, ಬೇಕಾದಾಗಲೆಲ್ಲ ಅಲ್ಲಿಂದಲೇ ಓದುತ್ತಿತ್ತು. ಉಪಕ್ರಮವಿಧಿಯೊಂದಕ್ಕೆ ಆ 4ನ್ನು ಕೊಟ್ಟರೆ, ಹೋಗುತ್ತಿದ್ದದ್ದು ಅಂಕಿಯಲ್ಲ, ಕೋಶದ ವಿಳಾಸ. ಉಪಕ್ರಮವಿಧಿ ಆ ಕೋಶಕ್ಕೆ 5 ಬರೆದರೆ, ಅಲ್ಲಿಂದಾಚೆಗೆ ಕ್ರಮವಿಧಿಯಲ್ಲಿ 4 ಎಂದಿರುವಲ್ಲೆಲ್ಲ 5! ಸ್ಥಿರವೋ ಚರವೋ ಎಂಬುದು ನಾವು ಬರೆದ ರೂಪದಲ್ಲಿಲ್ಲ, ಅದನ್ನು ಕಾಯುವ ನಿಯಮದಲ್ಲಿದೆ ಎಂದು ಎಷ್ಟೋ ಮಂದಿ ರಾತ್ರಿಯೆಲ್ಲ ತಪ್ಪು ಹುಡುಕಿ ಕಲಿತಿರಬೇಕು.

ಈಗ ನಮ್ಮ ಕಥೆ ನಡೆಯುವ ಊರಿಗೆ ಬರೋಣ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಚಿಕ್ಕ ಊರಿನಲ್ಲಿ ಡಾರ್ಟ್‌ಮತ್ ಕಾಲೇಜು ಇದೆ. ಅಲ್ಲಿ ಗಣಿತ ವಿಭಾಗದಲ್ಲಿ ಇಬ್ಬರು ಪ್ರಾಧ್ಯಾಪಕರಿದ್ದರು. ಜಾನ್ ಕೆಮೆನಿ 1926ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಯುದ್ಧಕಾಲದ ಯೂರೋಪಿನಿಂದ 1940ರಲ್ಲಿ ತಂದೆತಾಯಿಯರೊಡನೆ ಅಮೆರಿಕಕ್ಕೆ ಬಂದವರು. ಲಾಸ್ ಅಲಮೋಸ್‌ನ ಲೆಕ್ಕದ ವಿಭಾಗದಲ್ಲಿ ದುಡಿದಿದ್ದರು, ಐನ್‌ಸ್ಟೈನ್‌ರಿಗೆ ಗಣಿತ ಸಹಾಯಕರಾಗಿದ್ದರು. ಇನ್ನೊಬ್ಬರು ಥಾಮಸ್ ಕರ್ಟ್ಸ್, ಸಂಖ್ಯಾಶಾಸ್ತ್ರಜ್ಞರು. 1950ರ ದಶಕದಲ್ಲಿ ಕಾಲೇಜಿಗೆ ಸ್ವಂತದ ದೊಡ್ಡ ಗಣಕ ಇರಲಿಲ್ಲ. ರಂಧ್ರ ಹೊಡೆದ ಕಾರ್ಡುಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಕರ್ಟ್ಸ್ ರೈಲಿನಲ್ಲಿ ಬಾಸ್ಟನ್‌ಗೆ ಹೋಗುತ್ತಿದ್ದರು. ಅಲ್ಲಿನ ಎಂಐಟಿ ಸಂಸ್ಥೆಯ ಗಣಕದಲ್ಲಿ ಓಡಿಸಿಕೊಂಡು ಬರುತ್ತಿದ್ದರು. ಒಂದು ಅಲ್ಪವಿರಾಮ ತಪ್ಪಿದ್ದರೂ ಉತ್ತರದ ಬದಲು ತಪ್ಪಿನ ಪಟ್ಟಿ. ತಿದ್ದಿಕೊಂಡು ಮತ್ತೆ ರೈಲು ಹತ್ತಬೇಕು.

ಇಂಥ ವ್ಯವಸ್ಥೆಯಲ್ಲಿ ಗಣಕ ಯಾರ ಕೈಗೆ ಸಿಕ್ಕೀತು? ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಲ್ಲಿ ವಿಜ್ಞಾನ, ತಂತ್ರಜ್ಞಾನ ಆಯ್ದುಕೊಳ್ಳುತ್ತಿದ್ದವರು ನಾಲ್ಕರಲ್ಲಿ ಒಂದು ಪಾಲು. ಉಳಿದವರು ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರದವರು. ನಾಳೆ ಊರಿನ, ದೇಶದ ತೀರ್ಮಾನಗಳನ್ನು ಮಾಡುವವರು ಬಹುತೇಕ ಇವರೇ. ಗಣಕ ಏನು ಮಾಡಬಲ್ಲುದು, ಏನು ಮಾಡಲಾರದು ಎಂದು ತಿಳಿಯದೆ ಇವರು ತೀರ್ಮಾನ ಮಾಡುವುದು ಸರಿಯಲ್ಲ ಎಂಬುದು ಕೆಮೆನಿ, ಕರ್ಟ್ಸ್ ಇಬ್ಬರ ನಿಲುವು. ಗ್ರಂಥಾಲಯದ ಪುಸ್ತಕದಂತೆ ಗಣಕವೂ ಪ್ರತಿ ವಿದ್ಯಾರ್ಥಿಗೆ ಸಿಗಬೇಕು. ಅದಕ್ಕೆ ಎರಡು ವಸ್ತು ಬೇಕಾದವು. ಒಂದು, ಹಲವರು ಒಟ್ಟಿಗೆ ಒಂದೇ ಗಣಕವನ್ನು ಬಳಸುವ ಕಾಲಹಂಚಿಕೆ ಪದ್ಧತಿ. ಈ ಸಲಹೆ ಕೊಟ್ಟವರು ಹಿಂದೆ ಡಾರ್ಟ್‌ಮತ್ತಿನಲ್ಲೇ ಇದ್ದು ಎಂಐಟಿಗೆ ಹೋಗಿದ್ದ ಜಾನ್ ಮೆಕಾರ್ಥಿ. ಇನ್ನೊಂದು, ಗಣಿತದವರಲ್ಲದವರೂ ಹೆದರದೆ ಕಲಿಯಬಹುದಾದ ಭಾಷೆ.

ಭಾಷೆಯ ಅನುವಾದಕವನ್ನು ಕೆಮೆನಿ ತಾವೇ ಬರೆಯತೊಡಗಿದರು. ಕಾಲಹಂಚಿಕೆಯ ವ್ಯವಸ್ಥೆಯನ್ನು ಬರೆದದ್ದು ಯಾರು ಗೊತ್ತೇ? ಪದವಿ ತರಗತಿಯ ಹುಡುಗರು. ಅವರಲ್ಲಿ ಮೈಕೇಲ್ ಬುಶ್ ಮತ್ತು ಜಾನ್ ಮೆಕ್‌ಗೀಚಿ ಮುಖ್ಯರು. 1964ರ ಮೇ 1ರಂದು ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಗಣಕವೊಂದರಲ್ಲಿ, ಒಂದೇ ಸಮಯಕ್ಕೆ ಎರಡು ಟೆಲಿಟೈಪ್ ಯಂತ್ರಗಳಿಂದ, ಬೇಸಿಕ್ ಕ್ರಮವಿಧಿಗಳು ಓಡಿ ಸರಿಯಾದ ಉತ್ತರ ಕೊಟ್ಟವು. ಬಿಗಿನರ್ಸ್ ಆಲ್-ಪರ್ಪಸ್ ಸಿಂಬಾಲಿಕ್ ಇನ್‌ಸ್ಟ್ರಕ್ಷನ್ ಕೋಡ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳೇ ಬೇಸಿಕ್. ಹೆಸರಿನ ಮೊದಲ ಪದವೇ ‘ಆರಂಭಿಕರ’ ಎಂಬುದನ್ನು ಗಮನಿಸಿ.

ಈ ಆರಂಭಿಕರಿಗಾಗಿ ಏನೇನು ಬದಲಾಯಿತು?

ಸ್ಥಿರಾಂಕಗಳಲ್ಲಿ ಪೂರ್ಣಾಂಕ, ದಶಮಾಂಶ ಎಂಬ ಭೇದವನ್ನೇ ತೆಗೆದುಹಾಕಿದರು. ಬೇಸಿಕ್‌ನಲ್ಲಿ ಸಂಖ್ಯೆ ಎಂದರೆ ಸಂಖ್ಯೆ. ಒಂದನ್ನು ಮೂರರಿಂದ ಭಾಗಿಸಿದರೆ ದಶಮಾಂಶ ಬಿಂದುವಿನ ಮುಂದೆ ಮೂರುಗಳ ಸಾಲು ಬರುತ್ತದೆ, ಕಾಗದದ ಮೇಲೆ ಬರುವ ಹಾಗೆಯೇ. ಯಂತ್ರಕ್ಕೆ ಇದರಿಂದ ಶ್ರಮ ಹೆಚ್ಚು, ಲೆಕ್ಕ ನಿಧಾನ. ಆದರೆ ಯಂತ್ರದ ಶ್ರಮ ಉಳಿಸಲು ಮನುಷ್ಯ ನಿಯಮ ಕಲಿಯಬೇಕೆಂಬ ಅಂದಿನ ವಾಡಿಕೆಯನ್ನು ಇವರು ತಿರುವುಮುರುವು ಮಾಡಿದರು.

ಚರಾಕ್ಷರಕ್ಕೆ ಒಂದು ಇಂಗ್ಲಿಷ್ ಅಕ್ಷರ, ಇಲ್ಲವೇ ಒಂದು ಅಕ್ಷರದ ಮುಂದೆ ಒಂದು ಅಂಕಿ. ಎ, ಬಿ, ಎಕ್ಸ್, ಎ1, ಎಕ್ಸ್9 ಹೀಗೆ. ನೀವೇ ಎಣಿಸಿ ನೋಡಿ: 26 ಅಕ್ಷರಗಳು, ಪ್ರತಿಯೊಂದಕ್ಕೂ 0ಯಿಂದ 9ರವರೆಗೆ ಹತ್ತು ಅಂಕಿಗಳು ಸೇರಿದರೆ 260, ಒಟ್ಟು 286 ಹೆಸರುಗಳು. ಅದಕ್ಕಿಂತ ಹೆಚ್ಚಿಲ್ಲ. ಇದು ವಿದ್ಯಾರ್ಥಿಗೂ ಸುಲಭ, ಅನುವಾದಕಕ್ಕೂ ಸುಲಭ. ಹೆಸರುಗಳ ಪಟ್ಟಿಯಲ್ಲಿ ಹುಡುಕುವ ಗೋಜೇ ಇಲ್ಲ, ಪ್ರತಿ ಹೆಸರಿಗೂ ಮೊದಲೇ ಜಾಗ ನಿಗದಿ ಮಾಡಬಹುದು. ಆದರೆ ನನ್ನ ಅಭಿಪ್ರಾಯದಲ್ಲಿ ಅವರ ಆಯ್ಕೆಗಳಲ್ಲೆಲ್ಲ ದುರ್ಬಲವಾದದ್ದು ಇದೇ. ಬಡ್ಡಿಯ ಲೆಕ್ಕದಲ್ಲಿ ಪಿ ಎಂದರೆ ಅಸಲು ಎಂದು ಬರೆದ ದಿನ ನೆನಪಿರುತ್ತದೆ. ತಿಂಗಳ ಮೇಲೆ ತೆರೆದು ನೋಡಿದರೆ ಪಿ3 ಯಾವುದು, ಪಿ4 ಯಾವುದು? ಭಾಸ್ಕರಾಚಾರ್ಯರ ಕಪ್ಪು, ನೀಲಿಯೇ ಎಷ್ಟೋ ವಾಸಿ ಅನ್ನಿಸೀತು.

ಮೀಸಲು ಪದಗಳಲ್ಲಿ ಮಾತ್ರ ಅವರ ಜಾಣತನ ಎದ್ದು ಕಾಣುತ್ತದೆ. ಒಂದೇ ಕೆಲಸವನ್ನು ಹತ್ತು ಸಲ ಮಾಡಿಸುವ ಆವರ್ತನೆಗೆ ಫೋರ್ಟ್ರಾನಿನಲ್ಲಿ ಡೂ ಎಂಬ ಪದ, ಮುಂದೆ ಸಾಲಿನ ಸಂಖ್ಯೆ, ಆಮೇಲೆ ಅಲ್ಪವಿರಾಮಗಳ ನಡುವೆ ಮೂರು ಸಂಖ್ಯೆಗಳು: 1, 10, 2. ಇದರಲ್ಲಿ ಎಲ್ಲಿಯವರೆಗೆ ಎಂಬುದು ಎರಡನೆಯದೋ ಮೂರನೆಯದೋ? ನಡುವೆ ಅಲ್ಪವಿರಾಮ ಎಲ್ಲೆಲ್ಲಿ? ಇದು ಯಾರಿಗೂ ನೆನಪಿರುವುದಿಲ್ಲ ಎಂದು ಕಂಡುಕೊಂಡ ಕೆಮೆನಿ, ಕರ್ಟ್ಸ್ ಅದನ್ನು ಹೀಗೆ ಬದಲಿಸಿದರು:

20 ಫಾರ್ ಐ = 1 ಟು 10 ಸ್ಟೆಪ್ 2

ಇಂಗ್ಲಿಷ್ ಬಲ್ಲವನಿಗೆ ಇದು ಹೆಚ್ಚುಕಡಿಮೆ ವಾಕ್ಯ. ಒಂದರಿಂದ ಹತ್ತರವರೆಗೆ, ಎರಡೆರಡರ ಹೆಜ್ಜೆ. ಅಲ್ಪವಿರಾಮವಿದ್ದ ಜಾಗದಲ್ಲಿ ಕೈಮರದಂತೆ ಒಂದೊಂದು ಪದ. ಹಾಗೆಯೇ ಷರತ್ತಿಗೆ ಇಫ್ ಮತ್ತು ದೆನ್, ಮುದ್ರಿಸಲು ಪ್ರಿಂಟ್, ಮುಗಿಸಲು ಎಂಡ್. ಮೊದಲ ಆವೃತ್ತಿಯಲ್ಲಿ ಇಂಥ ಹೇಳಿಕೆಗಳು ಒಟ್ಟು ಹದಿನೈದರ ಆಸುಪಾಸಿನಲ್ಲಿದ್ದವು. ಒಂದೆರಡು ಗಂಟೆಯ ಪಾಠಕ್ಕೆ ಸಾಕು. ಗಣಕವನ್ನು ಸೇರಿಕೊಳ್ಳಲು ಒತ್ತಬೇಕಾದ ಪದ ‘ಹಲೋ’ ಎಂದಿತ್ತು ಎಂದರೆ ಅವರ ಮನೋಧರ್ಮ ತಿಳಿದೀತು.

ಲೆಟ್ ಪದದ ಗುಟ್ಟೂ ಇಲ್ಲಿದೆ. ಯಂತ್ರಕ್ಕೆ ಅದರ ಅಗತ್ಯವೇ ಇರಲಿಲ್ಲ. ಫೋರ್ಟ್ರಾನಿನಲ್ಲಿ ಎಕ್ಸ್ = ಎಕ್ಸ್ + 1 ಎಂದಷ್ಟೇ ಬರೆಯುತ್ತಿದ್ದರು, ನಡೆಯುತ್ತಿತ್ತು. ಯೂರೋಪ್ ಮತ್ತು ಅಮೆರಿಕದ ವಿದ್ವಾಂಸರು ಕೂಡಿ ರೂಪಿಸಿದ ಆಲ್ಗಾಲ್ ಭಾಷೆಯಲ್ಲಿ ಗೊಂದಲ ತಪ್ಪಿಸಲು ಸಮಚಿಹ್ನೆಯ ಹಿಂದೆ ಎರಡು ಚುಕ್ಕೆ ಸೇರಿಸಿದ್ದರು. ಡಾರ್ಟ್‌ಮತ್ತಿನವರು ಚಿಹ್ನೆಯ ಬದಲು ಒಂದು ಕ್ರಿಯಾಪದವನ್ನು ಮುಂದಿಟ್ಟರು. ಲೆಟ್ ಎಂದರೆ ‘ಆಗಲಿ’. ಗಣಿತದ ಮೇಷ್ಟ್ರು ಹಲಗೆಯ ಮೇಲೆ ‘ಎಕ್ಸ್ ಐದಾಗಿರಲಿ’ ಎಂದು ಬರೆಯುವ ಮಾತೇ ಅದು. ಸಾಲು ಲೆಟ್‌ನಿಂದ ಆರಂಭವಾದರೆ, ಇದು ನಿಜವೋ ಸುಳ್ಳೋ ಎಂದು ತೂಗುವ ಸಮೀಕರಣವಲ್ಲ, ನಡೆಸಬೇಕಾದ ಅಪ್ಪಣೆ ಎಂದು ಓದುಗನಿಗೆ ಮೊದಲೇ ತಿಳಿಯುತ್ತದೆ. ಯಂತ್ರಕ್ಕೆ ಬೇಡದ ಪದವನ್ನು ಮನುಷ್ಯನಿಗಾಗಿ ಇಟ್ಟರು, ಅದೂ ಕಡ್ಡಾಯವಾಗಿ.

‘ಎಲ್ಲ ವಿದ್ಯಾರ್ಥಿಗಳಿಗೂ’ ಎಂಬ ಮಾತಿಗೆ ಅಂದು ಒಂದು ಗಡಿಯೂ ಇತ್ತೆಂಬುದನ್ನು ಮರೆಮಾಚಬಾರದು. 1964ರ ಡಾರ್ಟ್‌ಮತ್ ಗಂಡುಹುಡುಗರ ಕಾಲೇಜು. ಅಲ್ಲಿ ಹೆಣ್ಣುಮಕ್ಕಳಿಗೆ ಪದವಿ ತರಗತಿಗಳ ಬಾಗಿಲು ತೆರೆದದ್ದು 1972ರಲ್ಲಿ. ತೆರೆಸಿದವರು ಅಷ್ಟರಲ್ಲಿ ಕಾಲೇಜಿನ ಅಧ್ಯಕ್ಷರಾಗಿದ್ದ ಅದೇ ಕೆಮೆನಿ.

ಮುಂದೆ ಬೇಸಿಕ್ ತನ್ನ ಹುಟ್ಟೂರಿನ ಕೈತಪ್ಪಿತು. 1975ರಲ್ಲಿ ಆಲ್ಟೇರ್ ಎಂಬ ಪುಟ್ಟ ಗಣಕಕ್ಕೆ ಬಿಲ್ ಗೇಟ್ಸ್, ಪಾಲ್ ಆಲೆನ್ ಮತ್ತು ಮಾಂಟಿ ಡೇವಿಡಾಫ್ ಒಂದು ಬೇಸಿಕ್ ಬರೆದರು. ನಾಲ್ಕು ಕಿಲೋಬೈಟ್ ಸ್ಮೃತಿಯಲ್ಲಿ ಅದು ಹಿಡಿಸಬೇಕಿತ್ತು. ಇಂಥ ಇಕ್ಕಟ್ಟಿನಲ್ಲಿ ಪ್ರತಿ ಅಕ್ಷರಕ್ಕೂ ಬೆಲೆ. ಲೆಟ್ ಬೇಕಾದರೆ ಬರೆಯಿರಿ, ಬಿಟ್ಟರೂ ಆದೀತು ಎಂದಾಯಿತು. ಬಿಡುವ ಅವಕಾಶ ಕೊಟ್ಟ ಮೇಲೆ ಬರೆಯುವವರಾರು?

ಆ ಬಳಗದ ಮುಂದಿನ ಬೇಸಿಕ್‌ಗಳಲ್ಲಿ ಉದ್ದ ಹೆಸರಿಡಬಹುದಿತ್ತು, ಆದರೆ ಯಂತ್ರ ಗಮನಿಸುತ್ತಿದ್ದದ್ದು ಮೊದಲ ಎರಡು ಅಕ್ಷರಗಳನ್ನು ಮಾತ್ರ. ಇನ್ನೂ ವಿಚಿತ್ರ, ಖಾಲಿ ಜಾಗವಿಲ್ಲದಿದ್ದರೂ ಸಾಲಿನೊಳಗೆ ಎಲ್ಲಿ ಮೀಸಲು ಪದ ಕಂಡರೂ ಅದನ್ನು ಹೆಕ್ಕಿ ತೆಗೆಯುವ ಚಾಳಿ. ಆಟದ ಅಂಕಗಳಿಗೆ ಸ್ಕೋರ್ ಎಂದು ಹೆಸರಿಟ್ಟ ಹುಡುಗನಿಗೆ ತಪ್ಪು ಎಂಬ ಉತ್ತರ. ಏಕೆ? ಆ ಇಂಗ್ಲಿಷ್ ಪದದ ಮೂರನೆಯ, ನಾಲ್ಕನೆಯ ಅಕ್ಷರಗಳು ಕೂಡಿದರೆ ‘ಆರ್’, ಅಂದರೆ ‘ಅಥವಾ’ ಎಂಬ ಮೀಸಲು ಪದ! ಟೋಟಲ್ ಎಂಬುದಕ್ಕೂ ಅದೇ ಗತಿ, ಅದರ ತಲೆಯಲ್ಲೇ ‘ಟು’ ಕುಳಿತಿದೆ. ಕಮೊಡೋರ್ 64 ಗಣಕದಲ್ಲಿ ಬೇಸಿಕ್ ಕಲಿತವರು ಈ ಪೇಚನ್ನು ಬಲ್ಲರು. ಮೀಸಲು ಪದ ಎಂದರೆ ಭಾಷೆ ತನಗಾಗಿ ಕಾಯ್ದಿಟ್ಟ ಪದ, ಅದನ್ನು ಚರಾಕ್ಷರದ ಹೆಸರಾಗಿ ಬಳಸಬಾರದು ಎಂಬ ವ್ಯಾಖ್ಯೆ ಇಲ್ಲಿ ಬರಿಯ ವ್ಯಾಖ್ಯೆಯಾಗಿ ಉಳಿಯಲಿಲ್ಲ. ಇಂಥ ಅವತಾರಗಳನ್ನೆಲ್ಲ ಕೆಮೆನಿ, ಕರ್ಟ್ಸ್ ‘ಬೀದಿ ಬೇಸಿಕ್’ ಎಂದು ಕರೆದು, 1985ರಲ್ಲಿ ಟ್ರೂ ಬೇಸಿಕ್, ಅಂದರೆ ನಿಜವಾದ ಬೇಸಿಕ್ ಎಂಬ ಹೆಸರಿನಲ್ಲೇ ತಮ್ಮದೊಂದನ್ನು ಹೊರತಂದರು. ಹೊತ್ತು ಮೀರಿತ್ತು.

ಬೇಸಿಕ್‌ಗೆ ಕಟುವಾದ ಟೀಕೆ ಬಂದದ್ದು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರಿಂದ. ಕ್ರಮವಿಧಿಯೊಳಗೆ ಎಲ್ಲಿಂದೆಲ್ಲಿಗೋ ನೆಗೆಯುವ ಗೋಟು ಹೇಳಿಕೆಯನ್ನು ಅವರು 1968ರಲ್ಲೇ ಖಂಡಿಸಿದ್ದರು. 1975ರ ಟಿಪ್ಪಣಿಯೊಂದರಲ್ಲಿ, ಮೊದಲು ಬೇಸಿಕ್ ಕಲಿತವರ ಬುದ್ಧಿ ದುರಸ್ತಿಯಾಗದಷ್ಟು ಊನಗೊಂಡಿರುತ್ತದೆ ಎಂಬರ್ಥದ ಮಾತು ಬರೆದರು. ಗೋಟುವಿನ ಬಗ್ಗೆ ಅವರ ತಕರಾರು ಒಪ್ಪತಕ್ಕದ್ದು. ಬುದ್ಧಿಯ ಬಗ್ಗೆ ಹೇಳಿದ್ದು ಅತಿಯಾಯಿತು. ಬೇಸಿಕ್‌ನಿಂದ ಆರಂಭಿಸಿ ಮುಂದೆ ಒಳ್ಳೆಯ ಕೆಲಸ ಮಾಡಿದವರು ಒಂದು ತಲೆಮಾರಿಗಾಗುವಷ್ಟಿದ್ದಾರೆ.

ನಮ್ಮ ದೇಶದ ಶಾಲೆಗಳಿಗೂ ಈ ಭಾಷೆ ಬಂತು. 1984-85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಎಂಬ ಪ್ರಾಯೋಗಿಕ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಗಳನ್ನು ಒದಗಿಸಿತು. ಅದು ಇಂಗ್ಲೆಂಡಿನ ದೂರದರ್ಶನ ಪಾಠಮಾಲೆಯೊಂದರ ಜೊತೆಗೆಂದೇ ಏಕಾರ್ನ್ ಸಂಸ್ಥೆ ತಯಾರಿಸಿದ್ದ ಯಂತ್ರ. ಅದರ ಬೇಸಿಕ್ ಬರೆದವರು ಸೋಫಿ ವಿಲ್ಸನ್. ಅದರಲ್ಲಿ ಚರಾಕ್ಷರಕ್ಕೆ ಪೂರ್ಣ ಪದಗಳನ್ನೇ ಹೆಸರಿಡಬಹುದಿತ್ತು. ಮೀಸಲು ಪದಗಳು ದೊಡ್ಡಕ್ಷರದಲ್ಲೇ ಇರಬೇಕಾದ್ದರಿಂದ, ಹೆಸರುಗಳನ್ನು ಸಣ್ಣಕ್ಷರದಲ್ಲಿ ಬರೆದರೆ ಟೋಟಲ್, ಸ್ಕೋರ್‌ಗಳ ರಗಳೆಯೂ ಇಲ್ಲ.

ಆದರೆ ಇಲ್ಲೊಂದು ಸಂಗತಿ ಗಮನಿಸಬೇಕು. ಹ್ಯಾನೋವರಿನ ಹುಡುಗನಿಗೆ ಲೆಟ್, ಇಫ್, ದೆನ್ ಮನೆಮಾತಿನ ಪದಗಳು. ಅವನಿಗೆ ಅವು ಕೈಮರ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಲೆಟ್ ಎಂಬುದು ‘ಆಗಲಿ’ ಎಂದು ಕೇಳಿಸುವುದಿಲ್ಲ. ಸಮಚಿಹ್ನೆಯಂತೆಯೇ ಅದೂ ಒಂದು ಗುರುತು, ಬಾಯಿಪಾಠ ಮಾಡಬೇಕಾದದ್ದು. ಯಾವ ಪದವನ್ನು ಅರ್ಥವಾಗಲೆಂದೇ ಇಟ್ಟರೋ ಅದು ಸಮುದ್ರ ದಾಟಿದಾಗ ಅರ್ಥ ಕಳಚಿಕೊಂಡಿತು. ನಿಮಗೆ ಮೊದಲ ತರಗತಿಯಲ್ಲಿ ಇದು ಕಷ್ಟವಾಗಿದ್ದರೆ, ಆ ಕಷ್ಟದಲ್ಲಿ ಒಂದು ಪಾಲು ಗಣಕದ್ದಲ್ಲ, ಇಂಗ್ಲಿಷಿನದು. ಗಣಿತ ಬಾರದು ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಕಾಗಿಲ್ಲ.

ಈಗ ಬಹಳ ಮಂದಿ ಮೊದಲು ಕಲಿಯುವುದು ಪೈಥಾನ್. ಅದರಲ್ಲಿ ಲೆಟ್ ಇಲ್ಲ; ಎಕ್ಸ್ = ಎಕ್ಸ್ + 1 ಎಂಬ ಹಳೆಯ ಒಗಟು ಹೊಸ ವಿದ್ಯಾರ್ಥಿಯ ಮುಂದೆ ಮತ್ತೆ ಬಂದು ನಿಂತಿದೆ. ಸ್ಥಿರಾಂಕಕ್ಕೆ ಹೆಸರಿಟ್ಟು ಬದಲಾಗದಂತೆ ಕಾಯುವ ಏರ್ಪಾಡೂ ಅದರಲ್ಲಿಲ್ಲ. ದೊಡ್ಡಕ್ಷರದಲ್ಲಿ ಬರೆದ ಹೆಸರನ್ನು ಯಾರೂ ಮುಟ್ಟಬಾರದು ಎಂಬುದು ಬರೆಯುವವರ ನಡುವಿನ ಒಪ್ಪಂದ ಮಾತ್ರ. ಆದರೆ 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದ ಚರಾಕ್ಷರದ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟು ಹೋಗಿದೆ. ಮೀಸಲು ಪದಗಳು ಇಂಗ್ಲಿಷಿನವೇ. ಹೆಸರುಗಳು ಮಾತ್ರ ನಿಮ್ಮವು. ಶಾಲೆಯ ಗಣಕದಲ್ಲಿ ಪೈಥಾನ್ ಇದ್ದರೆ, ಕನ್ನಡ ಕೀಲಿಮಣೆ ಸಿಕ್ಕರೆ, ಈ ಎರಡು ಸಾಲುಗಳನ್ನು ಹೀಗೆಯೇ ಒತ್ತಿ ನೋಡಿ:

ಅಂಕ = 35
ಅಂಕ = ಅಂಕ + 1

ಮೂರನೆಯ ಸಾಲಿನಲ್ಲಿ ‘ಅಂಕ’ ಎಂದಷ್ಟೇ ಒತ್ತಿ. 36 ಎಂದು ಬರುತ್ತದೆ.